ಹಡಗಿನ ರೂಮು, ಸದ್ದು, ಎದ್ದ ಕಡಲು: ಓದುಗರ ಪ್ರಶ್ನೆಗಳಿಗೆ ಉತ್ತರ

ಕ್ರೂಸ್ ಪ್ರವಾಸದ ಬಗ್ಗೆ ಏನಿದ್ರೂ ಕೇಳಿ ಅಂತ ಹೋದ ಸಂಚಿಕೆಲಿ ಹಾಕಿದ್ವಿ. ವೀಸಾ, ಊಟ, ಶಾಪಿಂಗ್ ಅಂತ ಕೇಳ್ತಾರೆ ಅಂದ್ಕೊಂಡಿದ್ರೆ ಬಂದಿರೋ ಪತ್ರಗಳಲ್ಲಿ ಮುಕ್ಕಾಲು ಪಾಲು ಎರಡೇ ವಿಷಯ, ರಾತ್ರಿ ರೂಮಲ್ಲಿ ಸದ್ದಿಗೆ ನಿದ್ದೆ ಬರತ್ತಾ, ಮತ್ತೆ ಕಡಲು ಎದ್ರೆ ನಮ್ಮ ಹೊಟ್ಟೆ ಗತಿ ಏನು. ಹಾಗಾಗಿ ಈ ಸಲ ಬರೀ ಇದೇ.

ಪ್ರಶ್ನೆ: ನಾನು ರಿಟೈರ್ ಆಗಿದೀನಿ, ಹೆಂಡತಿ ಜೊತೆ ಮುಂಬೈಯಿಂದ ಗೋವಾ, ಲಕ್ಷದ್ವೀಪ ಹೋಗೋ ಕ್ರೂಸ್ ಬುಕ್ ಮಾಡೋಣ ಅಂತಿದೀವಿ. ಏಜೆಂಟು ಎರಡು ಆಯ್ಕೆ ಕೊಟ್ಟಿದಾನೆ. ಒಂದು ಮೇಲಿನ ಡೆಕ್ಕಿನ, ಅಂದ್ರೆ ಹಡಗಿನ ಮೇಲಿನ ಮಹಡಿಯ, ಬಾಲ್ಕನಿ ರೂಮು, ರೇಟು ಜಾಸ್ತಿ. ಇನ್ನೊಂದು ಕಿಟಕಿ ಇಲ್ಲದ ಒಳಗಿನ ರೂಮು, ತುಂಬಾ ಅಗ್ಗ, ಆದ್ರೆ ರೂಮ್ ನಂಬರ್ ಹೊರಡೋ ಮುಂಚೆ ಅವರೇ ಕೊಡ್ತಾರಂತೆ. ನನ್ನವಳಿಗೆ ಪಕ್ಕದ ಮನೆ ಗೇಟ್ ಸದ್ದಾದ್ರೂ ಎಚ್ಚರ ಆಗತ್ತೆ. ಯಾವುದು ತಗೊಳ್ಳಿ? (ಹಾಸನ)

ಉತ್ತರ: ಎರಡೂ ಬೇಡ. ಮೂರನೇದು ಕೇಳಿ, ಒಳಗಿನ ರೂಮಾದ್ರೂ ಸರಿ, ಕಿಟಕಿ ಇರೋದಾದ್ರೂ ಸರಿ, ನಂಬರ್ ನಾವೇ ಆರಿಸ್ಕೊಳ್ಳೋ ಅಂಥದ್ದು, ಹಡಗಿನ ಉದ್ದದಲ್ಲಿ ನಡುಮಧ್ಯ, ಎತ್ತರದಲ್ಲಿ ಕೆಳಗಿನ ಕಡೆ. ಹಡಗು ಮುಂದೆ ಹಿಂದೆ ಏಳೋದು ಬೀಳೋದು ಮಾಡುವಾಗ ನಡುಭಾಗ ಹೆಚ್ಚುಕಮ್ಮಿ ಇದ್ದಲ್ಲೇ ಇರತ್ತೆ, ಮೂತಿ ಮತ್ತೆ ಬಾಲ ಜಾಸ್ತಿ ಏಳತ್ತೆ. ನಮ್ಮ ಘಾಟಿ ಬಸ್ಸಲ್ಲಿ ಕೊನೇ ಸೀಟಲ್ಲಿ ಕೂತವರು ಹಾರಿ ಬೀಳ್ತಾರೆ, ಮಧ್ಯದಲ್ಲಿ ಕೂತವರು ಕಳ್ಳೇಕಾಯಿ ತಿಂತಾ ಇರ್ತಾರಲ್ಲ, ಲೆಕ್ಕ ಅದೇ. ಇನ್ನು ಪಕ್ಕಕ್ಕೆ ವಾಲೋ ವಿಷಯ, ಅದು ಎತ್ತರ ಹೋದಷ್ಟೂ ಜಾಸ್ತಿ ಗೊತ್ತಾಗತ್ತೆ, ಹತ್ತನೇ ಡೆಕ್ಕಿನ ಬಾಲ್ಕನಿಲಿ ನಿಂತವರಿಗೆ ಅನ್ನಿಸೋ ಓಲಾಟ ಮೂರನೇ ಡೆಕ್ಕಲ್ಲಿ ಮಲಗಿದವರಿಗೆ ಅನ್ನಿಸಲ್ಲ. ವಿಚಿತ್ರ ಅಂದ್ರೆ ಈ ಕೆಳಗಿನ ನಡುಮಧ್ಯದ ರೂಮುಗಳೇ ಸಾಮಾನ್ಯವಾಗಿ ಅಗ್ಗ, ಯಾಕಂದ್ರೆ ಜನ ದುಡ್ಡು ಕೊಡೋದು ವ್ಯೂಗೆ.

ಈಗ ಸದ್ದಿನ ವಿಷಯ. ಪ್ರತಿ ಹಡಗಿಗೂ ಡೆಕ್ ಪ್ಲಾನ್ ಅಂತ ನಕ್ಷೆ ಇರತ್ತೆ, ಕಂಪನಿ ವೆಬ್‌ಸೈಟಲ್ಲೇ ಸಿಗತ್ತೆ, ಏಜೆಂಟ್ ಹತ್ರ ಕೇಳಿದ್ರೂ ಕೊಡ್ತಾನೆ. ನೀವು ನೋಡಿರೋ ರೂಮಿನ ಡೆಕ್ಕಿನ ಪೇಜು ಒಂದೇ ನೋಡಿದ್ರೆ ಪ್ರಯೋಜನ ಇಲ್ಲ, ಅದರ ಮೇಲಿನ ಡೆಕ್ಕು ಕೆಳಗಿನ ಡೆಕ್ಕು ಎರಡನ್ನೂ ತೆಗೆದು ಅದೇ ಜಾಗದಲ್ಲಿ ಏನಿದೆ ನೋಡಿ. ಮೇಲೂ ರೂಮು ಕೆಳಗೂ ರೂಮು ಇದ್ರೆ ಕಣ್ಣು ಮುಚ್ಕೊಂಡು ತಗೊಳ್ಳಿ. ಮೇಲೆ ಸ್ವಿಮ್ಮಿಂಗ್ ಪೂಲು ಇದ್ರೆ ಬೆಳಗಿನ ಜಾವ ಕುರ್ಚಿ ಎಳೆಯೋ ಸದ್ದು, ಬಫೆ ಅಥವಾ ಅಡುಗೆಮನೆ ಇದ್ರೆ ತಳ್ಳುಗಾಡಿ ಸದ್ದು, ಜಿಮ್ ಇದ್ರೆ ಡಂಬಲ್ ಬೀಳೋ ಸದ್ದು, ಜಾಗಿಂಗ್ ಟ್ರ್ಯಾಕ್ ಇದ್ರಂತೂ ಕೇಳ್ಬೇಡಿ. ಕೆಳಗೆ ಥಿಯೇಟರ್ರೋ ಡಿಸ್ಕೋನೋ ಇದ್ರೆ ರಾತ್ರಿ ಒಂದು ಗಂಟೆ ತನಕ ಹಾಸಿಗೆಗೇ ಡ್ರಮ್ಮು ಬರತ್ತೆ. ಇನ್ನೊಂದು, ಎರಡು ರೂಮಿನ ಮಧ್ಯೆ ಬಾಗಿಲಿರೋ ಕನೆಕ್ಟಿಂಗ್ ರೂಮು, ನಕ್ಷೆಲಿ ಸಣ್ಣ ಬಾಣದ ಗುರುತೋ ಏನೋ ಹಾಕಿರ್ತಾರೆ, ಅದು ಬೇಡವೇ ಬೇಡ, ಗೋಡೆ ತಡೆಯೋ ಸದ್ದನ್ನ ಬಾಗಿಲು ತಡೆಯಲ್ಲ, ಪಕ್ಕದವರ ಗೊರಕೆ ಫೋನು ಜಗಳ ಎಲ್ಲ ನಿಮಗೇ. ನಕ್ಷೆಲಿ ಏನೂ ಬರೀದೆ ಖಾಲಿ ಬಿಟ್ಟಿರೋ ಜಾಗ ಕಂಡ್ರೂ ಅನುಮಾನ ಪಡಿ, ಅಲ್ಲಿ ಸಿಬ್ಬಂದಿಯ ಬಾಗಿಲೋ ಸಾಮಾನಿನ ಕೋಣೆನೋ ಇರತ್ತೆ.

ಲಿಫ್ಟ್ ಪಕ್ಕದ ರೂಮು ಬೇಡ ಅಂತ ಎಲ್ಲರೂ ಹೇಳ್ತಾರೆ, ನಿಜ ಹೇಳ್ಬೇಕಂದ್ರೆ ಲಿಫ್ಟು ಸದ್ದು ಮಾಡಲ್ಲ, ಲಿಫ್ಟಿಗೆ ಕಾಯೋ ಜನ ಮಾಡ್ತಾರೆ. ಅದ್ರಲ್ಲೂ ಮುಂಬೈಯಿಂದ ಹೊರಡೋ ಹಡಗಲ್ಲಿ ಒಂದೊಂದು ಕುಟುಂಬ ಐದಾರು ರೂಮು ಹಿಡಿದಿರ್ತಾರೆ, ರಾತ್ರಿ ಹನ್ನೆರಡಕ್ಕೆ ಕಾರಿಡಾರಲ್ಲೇ ನಿಂತು ನಾಳೆ ತಿಂಡಿಗೆ ಎಷ್ಟೊತ್ತಿಗೆ ಹೋಗೋದು ಅಂತ ಮೀಟಿಂಗು ನಡೆಯತ್ತೆ. ಮೊಣಕಾಲು ನೋವಿದ್ರೆ ಲಿಫ್ಟಿಂದ ನಾಕೈದು ರೂಮು ಆಚೆ ತಗೊಳ್ಳಿ ಸಾಕು.

ಬಾಲ್ಕನಿ ಆಸೆ ಇದ್ರೆ ತಪ್ಪಲ್ಲ, ಅದನ್ನೂ ನಡುಮಧ್ಯದಲ್ಲೇ ಕೇಳಿ. ನಂಬರ್ ಆಮೇಲೆ ಕೊಡೋ ಅಗ್ಗದ ಟಿಕೆಟ್ಟು ಮಾತ್ರ ನಿಮ್ಮ ಮನೆಯವರ ನಿದ್ದೆಗೆ ಆಗ್ಬರಲ್ಲ, ಎಲ್ಲರೂ ಆರಿಸಿ ಬಿಟ್ಟಿರೋದೇ ಅದರಲ್ಲಿ ಸಿಗೋದು.

ಪ್ರಶ್ನೆ: ಧರ್ಮಸ್ಥಳಕ್ಕೆ ಚಾರ್ಮಾಡಿ ಮೇಲೆ ಹೋದ್ರೆ ನನಗೆ ಎರಡು ಕವರ್ ಬೇಕು. ಇಂಥೋಳು ಹಡಗು ಹತ್ತಬಹುದಾ? ಮನೆಯವರು ಸಿಂಗಾಪುರದಿಂದ ಪೆನಾಂಗ್, ಫುಕೆಟ್ ಹೋಗೋ ಕ್ರೂಸ್ ಫಿಕ್ಸ್ ಮಾಡಿಬಿಟ್ಟಿದಾರೆ. (ಹುಬ್ಬಳ್ಳಿ)

ಉತ್ತರ: ಹತ್ತಿ. ದೊಡ್ಡ ಹಡಗಿನ ಓಲಾಟ ನಿಧಾನ, ಘಾಟಿ ತಿರುವಿನ ಥರ ಗಕ್ಕಂತ ಎಳೆಯಲ್ಲ, ಬಸ್ಸಲ್ಲಿ ಒದ್ದಾಡೋರು ಎಷ್ಟೋ ಜನ ಹಡಗಲ್ಲಿ ಆರಾಮಾಗಿರ್ತಾರೆ. ಹಾಗಂತ ನಿಮಗೆ ಏನೂ ಆಗಲ್ಲ ಅಂತ ಗ್ಯಾರಂಟಿ ಕೊಡಲ್ಲ, ಬಸ್ಸಲ್ಲಿ ಆಗೋರಿಗೆ ಸಮುದ್ರದಲ್ಲೂ ಆಗೋ ಸಾಧ್ಯತೆ ಉಳಿದವರಿಗಿಂತ ಜಾಸ್ತಿನೇ, ಮೈಗ್ರೇನ್ ಇರೋರಿಗೆ, ಗರ್ಭಿಣಿಯರಿಗೆ, ಎರಡರಿಂದ ಹನ್ನೆರಡು ವರ್ಷದ ಮಕ್ಕಳಿಗೂ ಹಾಗೇ. ಒಳ್ಳೇದು ಅಂದ್ರೆ ನಿಮ್ಮ ದಾರಿ, ಮಲಾಕ್ಕಾ ಜಲಸಂಧಿ. ಒಂದು ಕಡೆ ಸುಮಾತ್ರಾ ಇನ್ನೊಂದು ಕಡೆ ಮಲೇಷ್ಯಾ ಅಡ್ಡ ಇರೋದ್ರಿಂದ ದೊಡ್ಡ ಅಲೆ ಕಮ್ಮಿ. ಪೆನಾಂಗ್ ದಾಟಿ ಫುಕೆಟ್ ಕಡೆ ಅಂಡಮಾನ್ ಸಮುದ್ರಕ್ಕೆ ಬಿದ್ದಾಗ, ಅದೂ ಮೇ ತಿಂಗಳಿಂದ ಅಕ್ಟೋಬರ್ ಒಳಗಾದ್ರೆ, ಸ್ವಲ್ಪ ಗೊತ್ತಾಗತ್ತೆ.

ಯಾಕೆ ಹೊಟ್ಟೆ ತೊಳಸತ್ತೆ ಅಂದ್ರೆ ಕಿವಿ ಒಳಗೆ ಬ್ಯಾಲೆನ್ಸ್ ನೋಡ್ಕೊಳ್ಳೋ ಅಂಗ ಇದೆಯಲ್ಲ ಅದು ಅಲುಗಾಡ್ತಿದೀವಿ ಅನ್ನತ್ತೆ, ರೂಮಿನ ಗೋಡೆ ನೋಡ್ತಿರೋ ಕಣ್ಣು ಇಲ್ಲ ನಿಂತಿದೀವಿ ಅನ್ನತ್ತೆ, ಮೆದುಳಿಗೆ ಯಾರನ್ನ ನಂಬೋದು ಗೊತ್ತಾಗಲ್ಲ. ಅದಕ್ಕೇ ರೂಮಲ್ಲಿ ಕೂತು ಮೊಬೈಲ್ ನೋಡಿದಷ್ಟೂ ಕೆಟ್ಟದಾಗತ್ತೆ. ಹೊರಗೆ ಬನ್ನಿ, ಮಧ್ಯದ ಡೆಕ್ಕಲ್ಲಿ ಗಾಳಿ ಬರೋ ಕಡೆ ನಿಂತು ಕಡಲು ಆಕಾಶ ಸೇರೋ ಗೆರೆ ನೋಡ್ತಾ ಇರಿ. ಹೊರಗೆ ಹೋಗೋಕೆ ಆಗ್ಲಿಲ್ವಾ, ಅಂಗಾತ ಮಲಗಿ ಕಣ್ಣು ಮುಚ್ಚಿ.

ಮಾತ್ರೆ ವಿಷಯದಲ್ಲಿ ನಮ್ಮ ಜನ ಮಾಡೋದು ಒಂದೇ, ಸುತ್ತು ಶುರುವಾದ ಮೇಲೆ ಹುಡುಕೋದು. ಅಷ್ಟೊತ್ತಿಗೆ ಹೊಟ್ಟೆ ಕೆಲಸ ನಿಲ್ಲಿಸಿರತ್ತೆ, ನುಂಗಿದ್ದು ಒಳಗೆ ಉಳಿಯಲ್ಲ. ಅವೊಮಿನ್ ಎಲ್ಲರಿಗೂ ಗೊತ್ತಿರೋದೇ, ಪ್ರೊಮೆಥಜಿನ್ 25 ಮಿಲಿಗ್ರಾಂ, ಹಿಂದಿನ ರಾತ್ರಿ ಮಲಗೋ ಮುಂಚೆ ಅಥವಾ ಹೊರಡೋಕೆ ಒಂದೆರಡು ಗಂಟೆ ಮೊದಲು ತಗೊಂಡ್ರೆ ಕೆಲಸ ಮಾಡತ್ತೆ. ಚೆನ್ನಾಗಿ ನಿದ್ದೆ ಬರಿಸತ್ತೆ, ಬಾಯಿ ಒಣಗತ್ತೆ. ನಿದ್ದೆ ಕಮ್ಮಿ ಬೇಕಂದ್ರೆ ಸಿನಾರಿಜಿನ್ ಅಂತ ಇನ್ನೊಂದಿದೆ. ಗ್ಲಾಕೋಮ, ಪ್ರಾಸ್ಟೇಟ್ ತೊಂದರೆ, ಪಾರ್ಕಿನ್‌ಸನ್, ಗರ್ಭಿಣಿ, ಐದು ವರ್ಷದ ಒಳಗಿನ ಮಗು, ಇಷ್ಟರಲ್ಲಿ ಯಾವುದಿದ್ರೂ ಡಾಕ್ಟರನ್ನ ಕೇಳದೆ ಮುಟ್ಟಬೇಡಿ. ನೀವು ಒಂದು ಕೆಲಸ ಮಾಡಿ, ಹೊರಡೋ ಮುಂಚೆ ಒಂದು ಭಾನುವಾರ ಮನೇಲೇ ಒಂದು ಮಾತ್ರೆ ತಗೊಂಡು ನೋಡಿ, ಎಷ್ಟು ಮಂಪರು ಬರತ್ತೆ ಗೊತ್ತಾಗ್ಲಿ, ಫುಕೆಟಲ್ಲಿ ಇಳಿಯೋ ದಿನ ಬೆಳಿಗ್ಗೆ ಅದು ಗೊತ್ತಾಗೋದು ಬೇಡ.

ಖಾಲಿ ಹೊಟ್ಟೆಲಿ ಇರ್ಬೇಡಿ, ಬಿರಿ ಬಿರಿ ತಿನ್ಲೂಬೇಡಿ. ಹಡಗಿನವರು ಇಂಥ ದಿನ ಹಸಿರು ಸೇಬು, ಉಪ್ಪು ಬಿಸ್ಕತ್ತು ಕೊಡ್ತಾರೆ, ಅದು ತಮಾಷೆಗಲ್ಲ, ತಿನ್ನಿ. ಶುಂಠಿ ಕೆಲವರಿಗೆ ಒಳ್ಳೇದು ಮಾಡತ್ತೆ, ಶುಂಠಿ ಪೆಪ್ಪರ್‌ಮೆಂಟು ಬ್ಯಾಗಲ್ಲಿ ಇಟ್ಕೊಳ್ಳಿ, ಮಾತ್ರೆ ಬದಲು ಅಂತಲ್ಲ, ಮಾತ್ರೆ ಜೊತೆಗೆ. ಮೊದಲ ದಿನ ಕಷ್ಟ ಆದೋರಿಗೆ ಎರಡು ಮೂರು ದಿನದಲ್ಲಿ ಮೈ ಹೊಂದ್ಕೊಳ್ಳತ್ತೆ, ಆದ್ರೆ ನಮ್ಮ ಕಡೆಯವರ ಕ್ರೂಸೇ ಮೂರು ರಾತ್ರಿ, ಹೊಂದ್ಕೊಳ್ಳೋ ಹೊತ್ತಿಗೆ ಇಳಿಯೋ ಟೈಮು.

ಪ್ರಶ್ನೆ: ವಿಸ್ಕಿ ಹಾಕ್ಕೊಂಡ್ರೆ ಸಮುದ್ರದ ಸುತ್ತು ಗೊತ್ತಾಗಲ್ಲ ಅಂತ ಫ್ರೆಂಡ್ ಹೇಳ್ತಾನೆ. (ಮಂಡ್ಯ)

ಉತ್ತರ: ಎರಡೂ ಸುತ್ತು ಸೇರ್ಕೊಳ್ಳತ್ತೆ. ಅವೊಮಿನ್ ತಗೊಂಡಿದ್ರಂತೂ ಬೇಡವೇ ಬೇಡ.

ಪ್ರಶ್ನೆ: ಹೋದ ವರ್ಷ ಕ್ರೂಸಲ್ಲಿ ಒಂದು ರಾತ್ರಿ ಗಾಳಿ ಜೋರಿತ್ತು, ರೂಮಿನ ಗೋಡೆಯೆಲ್ಲ ಕಿರ್ ಕಿರ್ ಅಂತ ಬೆಳಗಿನ ತನಕ. ಹಡಗು ಬಿಚ್ಕೊಳ್ತಿದೆ ಅಂತ ನನ್ನ ಮಗ ಅತ್ತುಬಿಟ್ಟ. ಇದು ನಾರ್ಮಲ್ಲಾ? ಮತ್ತೆ ಹೋಗೋ ಪ್ಲಾನ್ ಇದೆ, ಏನಾದ್ರೂ ಮಾಡೋಕಾಗತ್ತಾ? (ಬೆಂಗಳೂರು)

ಉತ್ತರ: ನಾರ್ಮಲ್ಲು. ಇನ್ನೂರು ಮುನ್ನೂರು ಮೀಟರ್ ಉದ್ದದ ಉಕ್ಕು ಅಲೆ ಮೇಲೆ ಹೋಗುವಾಗ ಸ್ವಲ್ಪ ಬಾಗ್ಬೇಕು, ಬಾಗೋ ಹಾಗೇ ಕಟ್ಟಿರ್ತಾರೆ. ಈಗಿನ ಹಡಗಲ್ಲಿ ರೂಮುಗಳು ಬಹಳಷ್ಟು ಫ್ಯಾಕ್ಟರಿಲೇ ಪೆಟ್ಟಿಗೆ ಥರ ತಯಾರಾಗಿ ಬಂದು ಒಳಗೆ ಕೂರೋದು, ಗೋಡೆ ಅಂದ್ರೆ ತೆಳು ತಗಡಿನ ಪ್ಯಾನಲ್ಲು. ಹಡಗು ಬಾಗಿದಾಗ ಒಂದು ಪ್ಯಾನಲ್ಲು ಇನ್ನೊಂದಕ್ಕೆ ಉಜ್ಜತ್ತೆ, ಸೀಲಿಂಗ್ ಪಟ್ಟಿ ಉಜ್ಜತ್ತೆ, ನೀವು ಕೇಳಿದ್ದು ಅದು. ಸದ್ದು ಮಾಡ್ತಿರೋದು ಒಳಗಿನ ಅಲಂಕಾರ, ಹಡಗಿನ ಮೈ ಅಲ್ಲ. ಮಗನಿಗೆ ಹಾಗೇ ಹೇಳಿ.

ಮಾಡೋಕೆ ತುಂಬಾ ಇದೆ. ಮೊದಲು ಸದ್ದು ಎಲ್ಲಿಂದ ಅಂತ ಹಿಡೀರಿ, ದೀಪ ಆರಿಸಿ ಗೋಡೆ ಮೇಲೆ ಅಂಗೈ ಒತ್ತುತ್ತಾ ಹೋಗಿ, ಒತ್ತಿದ ತಕ್ಷಣ ಎಲ್ಲಿ ನಿಲ್ಲತ್ತೋ ಅದೇ ಜಾಗ. ಆ ಸಂದಿಗೆ ಮಡಚಿದ ರಟ್ಟು, ಹಳೇ ವಿಸಿಟಿಂಗ್ ಕಾರ್ಡು, ಟಿಶ್ಯೂ ಏನಾದ್ರೂ ತುರುಕಿದ್ರೆ ಅಲ್ಲಿಗೆ ಬಂದ್. ಅರ್ಧ ಸದ್ದು ಗೋಡೆದೇ ಅಲ್ಲ, ಬೀರುವಲ್ಲಿ ಖಾಲಿ ಹ್ಯಾಂಗರು ಒಂದಕ್ಕೊಂದು ಬಡಿಯೋದು, ಡ್ರಾಯರ್ ಜಾರೋದು, ಬಾತ್‌ರೂಮಲ್ಲಿ ಗ್ಲಾಸು ಕುಣಿಯೋದು. ಹ್ಯಾಂಗರಿಗೆ ಟವೆಲ್ ಸುತ್ತಿ, ಗ್ಲಾಸನ್ನ ನೆಲಕ್ಕೆ ಇಳಿಸಿ, ಸೂಟ್‌ಕೇಸ್ ಅಡ್ಡ ಮಲಗಿಸಿ. ಸೀಲಿಂಗ್ ಒಳಗಿಂದ ಬರ್ತಿದ್ರೆ ನೀವು ಕೈ ಹಾಕ್ಬೇಡಿ, ರಿಸೆಪ್ಶನ್‌ಗೆ ಫೋನ್ ಮಾಡಿದ್ರೆ ಮೇಂಟೆನೆನ್ಸ್‌ನೋರು ಬಂದು ಬೆಣೆ ಹೊಡೀತಾರೆ, ಅವರಿಗೆ ಇದು ದಿನಾ ಇರೋ ಕೆಲಸ. ಏಸಿ ಗಾಳಿ ಬರೋ ಕಿಂಡಿಗೂ ಹೊಗೆ ಹಿಡಿಯೋ ಸೆನ್ಸರಿಗೂ ಬಟ್ಟೆ ತುರುಕೋ ಬುದ್ಧಿವಂತಿಕೆ ಮಾತ್ರ ಬೇಡ. ಬಾಲ್ಕನಿ ಬಾಗಿಲಿಂದ ಸಿಳ್ಳೆ ಸದ್ದು ಬಂದ್ರೆ ಅದು ಪೂರ್ತಿ ಲಾಕ್ ಆಗಿಲ್ಲ ಅಂತ, ಹಿಡಿ ಕೊನೇ ತನಕ ತಿರುಗಿಸಿ.

ಇಯರ್‌ಪ್ಲಗ್ ಮೆಡಿಕಲ್ ಶಾಪಲ್ಲಿ ಸಿಗೋ ಸ್ಪಾಂಜಿನದ್ದೇ ಸಾಕು, ಪ್ಯಾಕೆಟ್ ಮೇಲೆ ಎನ್‌ಆರ್‌ಆರ್ ಅಂತ, ಅಂದ್ರೆ ಸದ್ದು ಎಷ್ಟು ತಗ್ಗಿಸತ್ತೆ ಅನ್ನೋ ಅಳತೆ, ಒಂದು ನಂಬರ್ ಬರೆದಿದ್ರೆ 30ರ ಆಸುಪಾಸು ಇರೋದು ನೋಡಿ ತಗೊಳ್ಳಿ. ಬೆರಳಲ್ಲಿ ತೆಳ್ಳಗೆ ಹೊಸೆದು, ಇನ್ನೊಂದು ಕೈಲಿ ಕಿವಿ ಮೇಲಕ್ಕೆಳೆದು ಒಳಗಿಟ್ಟು, ಉಬ್ಬೋ ತನಕ ಬೆರಳು ಹಿಡ್ಕೊಂಡಿರ್ಬೇಕು, ಸುಮ್ನೆ ಕಿವಿ ತೂತಿನ ಬಾಯಿಗೆ ಸಿಕ್ಕಿಸಿದ್ರೆ ಬಿದ್ದೋಗತ್ತೆ. ಇದು ಮಾತು, ಬಾಗಿಲು ಸದ್ದನ್ನೆಲ್ಲ ತಡೆಯತ್ತೆ, ಇಂಜಿನ್ನಿನ ಗುಂಯ್ ಅನ್ನೋ ದಪ್ಪ ಸದ್ದನ್ನ ಅಷ್ಟು ತಡೆಯಲ್ಲ. ಅದಕ್ಕೆ ಫೋನಲ್ಲಿ ಫ್ಯಾನ್ ಸದ್ದೋ ಮಳೆ ಸದ್ದೋ ಹಾಕ್ಕೊಂಡು ಮಲಗಿ, ಮನೇಲೇ ಡೌನ್‌ಲೋಡ್ ಮಾಡ್ಕೊಂಡು ಹೋಗಿ, ಹಡಗಿನ ವೈಫೈ ರೇಟು ನೋಡಿದ್ರೆ ಬಂದ ನಿದ್ದೆನೂ ಹೋಗತ್ತೆ.

ಪ್ರಶ್ನೆ: ಬುಕ್ಕಿಂಗ್ ಆಗೋಯ್ತು, ನಮ್ಮ ರೂಮು ಹಡಗಿನ ತುತ್ತ ತುದಿ ಹಿಂದೆ. ಚೇಂಜ್ ಮಾಡ್ಸೋಕೆ ದುಡ್ಡು ಕೇಳ್ತಾರೆ. ಬಿಡಲಾ, ಮಾಡ್ಸಲಾ? (ಶಿವಮೊಗ್ಗ)

ಉತ್ತರ: ಹಡಗು ಯಾವ ಕಾಲದ್ದು ನೋಡಿ. ಹಳೇ ಕ್ರಮದಲ್ಲಿ ಇಂಜಿನ್ನಿಂದ ಉದ್ದಕ್ಕೆ ಶಾಫ್ಟು ಬಂದು ಹಿಂದೆ ಪ್ರೊಪೆಲ್ಲರ್ ತಿರುಗಿಸತ್ತೆ, ವೇಗ ಜಾಸ್ತಿ ಮಾಡಿದಾಗ ಹಿಂದಿನ ಕೆಳಗಿನ ಡೆಕ್ಕುಗಳಲ್ಲಿ ಮಂಚ ನಡುಗೋದು ಗೊತ್ತಾಗತ್ತೆ. 1998ರಲ್ಲಿ ಕಾರ್ನಿವಲ್ ಎಲೇಷನ್ ಹಡಗಿಗೆ ಅಜಿಪಾಡ್ ಅಂತ ಹೊಸ ಥರದ್ದು ಹಾಕಿದ್ರು, ವಿದ್ಯುತ್ ಮೋಟಾರೇ ಹಡಗಿನ ಹೊರಗೆ ನೀರೊಳಗೆ ಪ್ರೊಪೆಲ್ಲರ್ ಜೊತೆ ನೇತಾಡೋದು, ಆಮೇಲೆ ಬಂದ ದೊಡ್ಡ ಹಡಗುಗಳಲ್ಲಿ ಬಹಳಷ್ಟಕ್ಕೆ ಇಂಥದ್ದೇ ಇದೆ, ಅದುರಾಟ ಕಮ್ಮಿ. ಹೊಸ ಹಡಗು, ಮೇಲಿನ ಡೆಕ್ಕು ಅಂದ್ರೆ ಬಿಡಿ, ಹಿಂದಿನ ಬಾಲ್ಕನಿಲಿ ಕೂತು ನೊರೆ ನೋಡೋದು ಖುಷಿನೇ. ಹಳೇ ಹಡಗು, ಕೆಳಗಿನ ಡೆಕ್ಕು, ಅದೂ ಹಿಂದೆ ಅಂದ್ರೆ ದುಡ್ಡು ಕೊಟ್ಟು ಬದಲಾಯಿಸಿ. ಮುಂದಿನ ತುದಿಯೋರು ಖುಷಿ ಪಡ್ಬೇಡಿ, ಬಂದರಿಗೆ ಬರುವಾಗ ಹಡಗನ್ನ ಪಕ್ಕಕ್ಕೆ ತಳ್ಳೋ ಥ್ರಸ್ಟರು ನಿಮ್ಮ ಕೆಳಗೇ ಇರತ್ತೆ, ಬೆಳಗಿನ ಜಾವ ಐದಕ್ಕೋ ಆರಕ್ಕೋ ಮಿಕ್ಸಿಲಿ ಕಲ್ಲು ಹಾಕಿದಂಥ ಸದ್ದು, ಲಂಗರು ಹಾಕೋ ಜಾಗ ಆದ್ರೆ ಸರಪಳಿದೂ ಸೇರಿ.

ಪ್ರಶ್ನೆ: ಯಾವ ತಿಂಗಳು ಹೋದ್ರೆ ಸಮುದ್ರ ಶಾಂತವಾಗಿರತ್ತೆ? ಸ್ಟೆಬಿಲೈಸರ್ ಇದೆ, ಯಾವಾಗ ಹೋದ್ರೂ ಒಂದೇ ಅಂತಾರೆ ಏಜೆಂಟು. (ದಾವಣಗೆರೆ)

ಉತ್ತರ: ಸ್ಟೆಬಿಲೈಸರ್ ಅಂದ್ರೆ ಹಡಗಿನ ಎರಡೂ ಪಕ್ಕ ನೀರೊಳಗೆ ಚಾಚೋ ರೆಕ್ಕೆ. ಅದು ಪಕ್ಕಕ್ಕೆ ವಾಲೋದನ್ನ ಚೆನ್ನಾಗಿ ತಗ್ಗಿಸತ್ತೆ, ಮೂತಿ ಏಳೋದು ಬೀಳೋದಕ್ಕೆ ಏನೂ ಮಾಡಲ್ಲ. ಹಡಗು ವೇಗವಾಗಿ ಹೋಗ್ತಿದ್ರೆ ಮಾತ್ರ ಪೂರ್ತಿ ಕೆಲಸ, ನಿಧಾನ ಆದಷ್ಟೂ ಅದರ ಶಕ್ತಿ ಕಮ್ಮಿ. ಏಜೆಂಟ್ ಮಾತು ಅರ್ಧ ಸತ್ಯ.

ಅರಬ್ಬಿ ಸಮುದ್ರಕ್ಕೆ ಲೆಕ್ಕ ಸುಲಭ, ನಮ್ಮ ಕರಾವಳಿಯೋರನ್ನ ನೋಡಿದ್ರೆ ಸಾಕು. ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ, ಮಲ್ಪೆ ದಕ್ಕೆಲಿ ಬೋಟುಗಳು ಸಾಲಾಗಿ ಕಟ್ಟಿರ್ತಾರೆ. ಅದು ಮೀನಿನ ಸಂತಾನಕ್ಕೆ ಅಂತ ಮಾಡಿದ್ದು ಸರಿ, ಆದ್ರೆ ಅದೇ ಹೊತ್ತಲ್ಲಿ ಕಡಲೂ ಹಾಗೇ ಇರತ್ತೆ, ಸೇಂಟ್ ಮೇರೀಸ್ ದ್ವೀಪದ ದೋಣಿನೂ ಮಳೆಗಾಲ ಪೂರ್ತಿ ಬಂದ್. ಜೂನ್‌ನಿಂದ ಸೆಪ್ಟೆಂಬರ್ ಬಿಟ್ಟು, ಡಿಸೆಂಬರ್‌ನಿಂದ ಮಾರ್ಚ್ ಒಳಗೆ ಮುಂಬೈ, ಗೋವಾ, ಲಕ್ಷದ್ವೀಪ ಮಾಡ್ಕೊಳ್ಳಿ. ಚೆನ್ನೈ ಕಡೆಯಿಂದ ಹೋಗೋರು ಅಕ್ಟೋಬರ್‌ನಿಂದ ಡಿಸೆಂಬರ್ ಸೈಕ್ಲೋನ್ ಕಾಲ ಅಂತ ನೆನಪಿಟ್ಕೊಳ್ಳಿ. ಸಿಂಗಾಪುರದಿಂದ ವಿಯೆಟ್ನಾಂ ಕಡೆ ಹೋಗೋದಾದ್ರೆ ಡಿಸೆಂಬರ್, ಜನವರಿಲಿ ದಕ್ಷಿಣ ಚೀನಾ ಸಮುದ್ರ ಎದ್ದಿರತ್ತೆ, ಶಾಲೆ ರಜ ಅಂತ ಎಲ್ಲರೂ ಹೋಗೋದೂ ಆಗಲೇ. ಕೆರಿಬಿಯನ್‌ಗೆ ಜೂನ್‌ನಿಂದ ನವೆಂಬರ್ ಹರಿಕೇನ್ ಸೀಸನ್ನು, ಆ ಟೈಮಲ್ಲಿ ಟಿಕೆಟ್ ಯಾಕೆ ಅಗ್ಗ ಅಂತ ಈಗ ಗೊತ್ತಾಯ್ತಲ್ಲ.

ಹಡಗಿನ ಗಾತ್ರನೂ ಲೆಕ್ಕಕ್ಕೆ ಬರತ್ತೆ. ಮುಂಬೈಯಿಂದ ಹೊರಡೋದಕ್ಕೆ ಹೆಸರಾದ ಎಂಪ್ರೆಸ್ 1990ರಲ್ಲಿ ಬಂದ, ಸುಮಾರು 48 ಸಾವಿರ ಟನ್ನೇಜಿನ ಹಡಗು, 2024ರಲ್ಲಿ ಓಡಾಟ ಶುರು ಮಾಡಿದ ಐಕಾನ್ ಆಫ್ ದ ಸೀಸ್ ಅದರ ಐದು ಪಟ್ಟು. ಒಂದೇ ಅಲೆ ಇಬ್ಬರಿಗೂ ಒಂದೇ ಥರ ಅನ್ನಿಸಲ್ಲ. ಹವಾಮಾನದವರು ಎರಡೂವರೆಯಿಂದ ನಾಲ್ಕು ಮೀಟರ್ ಅಲೆ ಇದ್ರೆ ರಫ್ ಅಂತಾರೆ, ದೊಡ್ಡ ಹಡಗಲ್ಲಿ ಅಷ್ಟಕ್ಕೆ ಕಾಫಿ ಅಲುಗಾಡತ್ತೆ, ಚಿಕ್ಕದರಲ್ಲಿ ಚೆಲ್ಲತ್ತೆ. ಮುನ್ಸೂಚನೆ ಬೇಕಾ, ಮೆಟ್ಟಿಲ ಕಂಬಿ ಹತ್ರ ವಾಂತಿ ಕವರು ಸಿಕ್ಕಿಸ್ತಾ ಇದಾರೆ, ಪೂಲಿನ ನೀರು ಖಾಲಿ ಮಾಡ್ತಿದಾರೆ ಅಂದ್ರೆ ಕ್ಯಾಪ್ಟನ್ನಿಗೆ ಏನೋ ಗೊತ್ತಿದೆ ಅಂತ, ಆಗಲೇ ಮಾತ್ರೆ ನುಂಗಿ.

ಪ್ರಶ್ನೆ: ಅಮ್ಮನಿಗೆ 74, ಬಿಪಿ, ಗ್ಲಾಕೋಮ ಇದೆ. ಸಿಯಾಟಲ್‌ನಲ್ಲಿರೋ ನಮ್ಮಲ್ಲಿಗೆ ಬೇಸಿಗೆಗೆ ಬರ್ತಾರೆ, ಅಲಾಸ್ಕಾ ಕ್ರೂಸ್ ಕರ್ಕೊಂಡು ಹೋಗೋ ಆಸೆ. (ಅಮೆರಿಕದಿಂದ ಮಗಳು)

ಉತ್ತರ: ಕರ್ಕೊಂಡು ಹೋಗಿ, ಆದ್ರೆ ಮನೆ ಪಕ್ಕ ಅಂತ ಸಿಯಾಟಲ್‌ನಿಂದಲೇ ಹತ್ತಬೇಡಿ, ವ್ಯಾಂಕೂವರ್‌ನಿಂದ ಹೊರಡೋದು ನೋಡಿ. ಸಿಯಾಟಲ್ ಹಡಗುಗಳು ಸಾಮಾನ್ಯವಾಗಿ ವ್ಯಾಂಕೂವರ್ ದ್ವೀಪದ ಆಚೆ ಕಡೆಯಿಂದ, ಅಂದ್ರೆ ತೆರೆದ ಪೆಸಿಫಿಕ್ ಮೇಲೆ ಹೋಗ್ತಾವೆ, ವ್ಯಾಂಕೂವರ್‌ನವು ದ್ವೀಪಕ್ಕೂ ನೆಲಕ್ಕೂ ಮಧ್ಯದ ಇನ್‌ಸೈಡ್ ಪ್ಯಾಸೇಜಲ್ಲಿ ನುಗ್ಗಿ ಹೋಗ್ತಾವೆ, ಅಲ್ಲಿ ನೀರು ಬಹುಪಾಲು ಕೆರೆ ಹಾಗೆ. ಹೋಗಿ ವಾಪಸ್ ಅಲ್ಲಿಗೇ ಬರೋದು ತಗೊಳ್ಳಿ, ಸೀವರ್ಡ್, ವಿಟ್ಟಿಯರ್ ಅನ್ನೋ ಅಲಾಸ್ಕಾದ ಬಂದರಲ್ಲಿ ಇಳಿಸೋವು ತೆರೆದ ಕಡಲಾದ ಅಲಾಸ್ಕಾ ಕೊಲ್ಲಿ ದಾಟ್ತಾವೆ. ಅಮ್ಮನಿಗೆ ಕೆನಡಾ ವೀಸಾ ಬೇಕಾಗತ್ತೆ, ಅಮೆರಿಕದ ವೀಸಾ ಒಂದಕ್ಕಿಂತ ಹೆಚ್ಚು ಸಲ ಒಳಗೆ ಬರೋಕೆ ಬಿಡ್ಬೇಕು, ಅದನ್ನ ಮೊದಲೇ ನೋಡ್ಕೊಳ್ಳಿ.

ಕಿವಿ ಹಿಂದೆ ಅಂಟಿಸೋ ಸ್ಕೊಪೊಲಮಿನ್ ಪ್ಯಾಚು ನಿಮ್ಮ ಕಡೆ ಡಾಕ್ಟರ್ ಚೀಟಿಗೆ ಸಿಗತ್ತೆ, ಮೂರು ದಿನ ಕೆಲಸ ಮಾಡತ್ತೆ, ಆದ್ರೆ ಅದು ಅಮ್ಮನಿಗಲ್ಲ. ಗ್ಲಾಕೋಮದಲ್ಲಿ ಒಂದು ಬಗೆಗೆ ಅದು ಅಪಾಯ, ವಯಸ್ಸಾದೋರಿಗೆ ಬುದ್ಧಿ ಮಂಕಾಗಿ ಗಲಿಬಿಲಿ ಆಗೋದೂ ಇದೆ. ಕಣ್ಣಿನ ಡಾಕ್ಟರನ್ನ ಕೇಳದೆ ಯಾವ ಮಾತ್ರೆನೂ ಬೇಡ.

ನನಗೆ ವಾಂತಿಗಿಂತ ಅಮ್ಮ ಜಾರಿ ಬೀಳೋದರ ಭಯ ಜಾಸ್ತಿ. ಕಡಲು ಎದ್ದ ದಿನ ಒಂದು ಕೈ ಯಾವಾಗಲೂ ಕಂಬಿ ಮೇಲಿರಲಿ, ಬಾಗಿಲ ಚೌಕಟ್ಟು ಮಾತ್ರ ಹಿಡೀಬಾರದು, ಹಡಗು ವಾಲಿದಾಗ ಆ ಭಾರದ ಬಾಗಿಲು ಬೆರಳ ಮೇಲೆ ಮುಚ್ಕೊಳ್ಳತ್ತೆ. ಬಾತ್‌ರೂಮ್ ಹೊಸ್ತಿಲು ಎತ್ತರ ಇರತ್ತೆ, ರಾತ್ರಿ ಅಲ್ಲಿ ಲೈಟ್ ಹಾಕೇ ಇಡಿ. ಸ್ನಾನ ಒಂದು ದಿನ ಬಿಟ್ರೆ ದೇವರು ಏನೂ ಅಂದ್ಕೊಳ್ಳಲ್ಲ. ಬಿಪಿ ಮಾತ್ರೆ ಕೈ ಬ್ಯಾಗಲ್ಲಿರಲಿ, ದೊಡ್ಡ ಸೂಟ್‌ಕೇಸು ರೂಮಿಗೆ ಬರೋಕೆ ಸಂಜೆ ಆಗಬಹುದು. ಹಡಗಿನ ಡಾಕ್ಟರು ಒಳ್ಳೆಯವರೇ, ಬಿಲ್ಲು ಡಾಲರಲ್ಲಿ, ಊರಿನ ಆರೋಗ್ಯ ವಿಮೆ ಅಲ್ಲಿ ಸಾಮಾನ್ಯವಾಗಿ ನಡೆಯಲ್ಲ, ಪ್ರವಾಸದ ವಿಮೆ ಮಾಡಿಸಿ.

ಪ್ರಶ್ನೆ: ಲಕ್ಷದ್ವೀಪ ತೋರಿಸ್ತೀವಿ ಅಂತ ಕರ್ಕೊಂಡು ಹೋಗಿ ಅಲೆ ಜಾಸ್ತಿ ಅಂತ ಇಳಿಸದೇ ವಾಪಸ್ ತಂದ್ರು. ದುಡ್ಡು ವಾಪಸ್ ಕೇಳಬಹುದಾ? (ತುಮಕೂರು)

ಉತ್ತರ: ಕೇಳಿ, ಜಾಸ್ತಿ ಸಿಗಲ್ಲ. ಹವಾಮಾನಕ್ಕೆ ದಾರಿ ಬದಲಾಯಿಸೋ ಹಕ್ಕು ಕ್ಯಾಪ್ಟನ್ನಿಗಿದೆ ಅಂತ ಟಿಕೆಟ್ಟಿನ ಷರತ್ತಲ್ಲೇ ಇರತ್ತೆ, ಸಾಮಾನ್ಯವಾಗಿ ಬರೋದು ಆ ಬಂದರಿನ ತೆರಿಗೆ, ಹಡಗಿನವರ ಮೂಲಕವೇ ಬುಕ್ ಮಾಡಿದ ಅಲ್ಲಿನ ಟೂರಿನ ದುಡ್ಡು. ಲಕ್ಷದ್ವೀಪದಲ್ಲಿ ಲಗೂನು, ಅಂದ್ರೆ ದ್ವೀಪಕ್ಕೂ ಬಂಡೆಸಾಲಿಗೂ ಮಧ್ಯದ ನೀರು, ಆಳ ಇಲ್ಲ, ದೊಡ್ಡ ಹಡಗು ಬಂಡೆಸಾಲಿನ ಹೊರಗೇ ನಿಂತು ಸಣ್ಣ ದೋಣಿಗೆ ಜನರನ್ನ ಇಳಿಸ್ಬೇಕು. ಮೇಲೆ ಕೆಳಗೆ ಕುಣಿಯೋ ದೋಣಿಗೆ ಅಜ್ಜ ಅಜ್ಜಿ ಮಕ್ಕಳನ್ನ ಹತ್ತಿಸೋದಕ್ಕಿಂತ ಬೈಸ್ಕೊಳ್ಳೋದೇ ವಾಸಿ ಅಂತ ಕ್ಯಾಪ್ಟನ್ ಅಂದ್ಕೊಂಡ್ರೆ ನಾನು ಅವರ ಕಡೆ.

ಪ್ರಶ್ನೆ: ಕ್ರೂಸ್ ಮುಗಿಸಿ ಊರಿಗೆ ಬಂದು ಎರಡು ದಿನ ಆಯ್ತು, ಅಡುಗೆಮನೇಲಿ ನಿಂತ್ರೆ ನೆಲ ಇನ್ನೂ ಅಲುಗಾಡ್ತಿದೆ. (ಮೈಸೂರು)

ಉತ್ತರ: ಕಡಲಿಗೆ ಹೊಂದ್ಕೊಂಡ ಮೈ ನೆಲಕ್ಕೆ ಮತ್ತೆ ಹೊಂದ್ಕೊಳ್ತಾ ಇದೆ, ಬಹಳಷ್ಟು ಜನಕ್ಕೆ ಒಂದೆರಡು ದಿನ ಆಗತ್ತೆ. ಓಡಾಡ್ಕೊಂಡಿರಿ, ಮಲಗೇ ಇದ್ರೆ ತಡ. ನೆಲ ನಿಲ್ಲೋ ತನಕ ಗಾಡಿ ಓಡಿಸ್ಬೇಡಿ, ಏಣಿ ಹತ್ತಿ ಅಟ್ಟದ ಡಬ್ಬಿ ತೆಗೀಬೇಡಿ. ವಾರಗಟ್ಟಲೆ ಹೀಗೇ ಇದ್ರೆ ಕಿವಿ ಮೂಗು ಗಂಟಲು ಡಾಕ್ಟರ ಹತ್ರ ಹೋಗಿ, ಕ್ರೂಸಿಗೆ ಹೋಗಿದ್ದೆ ಅಂತ ಮೊದಲೇ ಹೇಳಿ, ಇಲ್ದಿದ್ರೆ ಬರೀ ಬಿಪಿ, ಶುಗರ್ ಚೆಕ್ ಮಾಡಿ ಕಳಿಸ್ತಾರೆ.